ಇನ್ನೂ ಹುಟ್ಟದ ಬಿಲ್ಲೆಯ ಭಾವಚಿತ್ರ



ಈ ಸಲ ಜೂಜಿನ ಸಾಮಗ್ರಿಯೊಂದರ ಕುರಿತು ಬರೆಯಲಿದ್ದೇನೆ ಎಂದರೆ ನಿಮ್ಮಲ್ಲಿ ಹಲವರು ನಂಬಲಾರಿರಿ. ಶಾಲಾ ಪ್ರವಾಸದ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರಿಂದ ಇಸ್ಪೀಟಿನ ಕಟ್ಟನ್ನು ಕಿತ್ತುಕೊಂಡು ಆಗುಂಬೆ ಘಾಟಿಯ ತಿರುವಿನಲ್ಲಿ ಕಿಟಕಿಯಿಂದಾಚೆ ಎಸೆದ ಮೇಷ್ಟರು ನಾನು. ಆ ಹುಡುಗರಲ್ಲಿ ಇಬ್ಬರು ಈಗಲೂ ಈ ಪುಟವನ್ನು ಓದುತ್ತಾರೆ. ಆ ಕಟ್ಟಿನ ಬೆಲೆ ಹನ್ನೆರಡು ರೂಪಾಯಿಯಾಗಿತ್ತೆಂದು ಸಿಕ್ಕಾಗಲೆಲ್ಲ ನೆನಪಿಸುತ್ತಾರೆ.

ಕಳೆದ ದೀಪಾವಳಿಯ ಮರುದಿನ, ೨೦೦೬ರಲ್ಲಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಸಾಗರದ ನಮ್ಮ ಮನೆಗೆ ಬಂದಿದ್ದಳು. ಹೆಸರು ಹೇಳುವುದಿಲ್ಲ, ಅವಳ ಓರಗೆಯವರಿಗೆ ಯಾರೆಂದು ತಿಳಿದೇ ತಿಳಿಯುತ್ತದೆ. ಕಜ್ಜಾಯ ತಿನ್ನುತ್ತ ತನ್ನ ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದಳು. ಹಸಿರು ಬಟ್ಟೆ ಹಾಸಿದ ಮೇಜು. ಅದರ ಮೇಲೆ ಕೆಂಪು, ಬಿಳಿ, ಕಪ್ಪು ಬಣ್ಣದ ದುಂಡು ಬಿಲ್ಲೆಗಳ ಮೂರು ಕಂಬಗಳು. ಪಕ್ಕದಲ್ಲಿ ಒಂದು ಬಿಲ್ಲೆ ಇನ್ನೊಂದಕ್ಕೆ ಒರಗಿ ನಿಂತಿದೆ. ಅದರ ಅಂಚಿನಲ್ಲಿ ಬೆರಳಿನಿಂದ ಸವೆದಂಥ ಮಾಸಲು ಗುರುತು.

“ಯಾರ ಮನೆಯಲ್ಲಿ ತೆಗೆದ ಫೋಟೋ ಅಮ್ಮಾ ಇದು?” ಎಂದೆ.

“ಫೋಟೋ ಅಲ್ಲ ಸಾರ್. ಈ ಬಿಲ್ಲೆಗಳು ಇನ್ನೂ ಹುಟ್ಟಿಯೇ ಇಲ್ಲ” ಎಂದಳು.

ಅದೇ ಅವಳ ಈಗಿನ ಉದ್ಯೋಗ. ಅಮೆರಿಕದಲ್ಲಿ ವಾರಕ್ಕೊಮ್ಮೆ ಗೆಳೆಯರನ್ನು ಮನೆಗೆ ಕರೆದು ಪೋಕರ್ ಆಡುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಕೆಲವರಿಗೆ ಅಂಗಡಿಯ ಬಿಲ್ಲೆಗಳು ಸಾಲವು. ತಮ್ಮ ಮನೆಯ ಹೆಸರು, ನಾಯಿಯ ಮುಖ, ಊರಿನ ಸೇತುವೆ ಇತ್ಯಾದಿಗಳನ್ನು ಹೊತ್ತ ಬಿಲ್ಲೆಗಳನ್ನೇ ಮಾಡಿಸಿಕೊಳ್ಳುತ್ತಾರೆ. ಐನೂರು, ಸಾವಿರ ಬಿಲ್ಲೆಗಳ ಪೆಟ್ಟಿಗೆ. ಒಂದೊಂದರ ಬೆಲೆ ಒಂದೆರಡು ಡಾಲರ್ ಮೀರುವುದೂ ಉಂಟು. ಅಷ್ಟು ಹಣ ಸುರಿಯುವ ಮೊದಲು ಅದು ಹೇಗೆ ಕಾಣುವುದೆಂದು ಕಣ್ಣಾರೆ ನೋಡಬೇಕೆಂಬ ಆಸೆ ಸಹಜ. ಹಾಗೆ ನೋಡಿಸುವ ಚಿತ್ರಕ್ಕೆ ರೆಂಡರಿಂಗ್ ಎಂದು ಹೆಸರು. ಅದನ್ನು ನಮ್ಮ ಹುಡುಗಿ ಸಾಗರದ ತನ್ನ ಮನೆಯ ಮಹಡಿಯಲ್ಲಿ ಕುಳಿತು ಮಾಡುತ್ತಾಳೆ.

ಪೋಕರ್ ಬಿಲ್ಲೆಯನ್ನು ಕಾಣದವರಿಗಾಗಿ ಒಂದೆರಡು ಮಾತು. ಕ್ಯಾರಂ ಕಾಯಿಗಿಂತ ತುಸು ದೊಡ್ಡದು, ಅಡ್ಡಳತೆ ಸಾಮಾನ್ಯವಾಗಿ ೩೯ ಮಿಲಿಮೀಟರ್. ಒಳ್ಳೆಯ ಬಿಲ್ಲೆಗೆ ಜೇಡಿಬಿಲ್ಲೆ ಎಂದೇ ಅಲ್ಲಿ ವಾಡಿಕೆ. ಆದರೆ ಅದು ಬರಿಯ ಜೇಡಿಯಲ್ಲ, ಖನಿಜದ ಪುಡಿಗೆ ಅಂಟು ಬೆರೆಸಿದ ಮಿಶ್ರಣ. ಅಂಚಿನಲ್ಲಿ ಕಾಣುವ ಬೇರೆ ಬಣ್ಣದ ಪಟ್ಟೆಗಳು ಮೇಲೆ ಬಳಿದವಲ್ಲ. ಆ ಬಣ್ಣದ ತುಂಡುಗಳನ್ನು ಬಿಲ್ಲೆಯ ಅಂಚಿನಲ್ಲಿ ಕೂರಿಸಿ, ನಡುವೆ ಮುದ್ರಿತ ವೃತ್ತವನ್ನಿಟ್ಟು, ಎಲ್ಲವನ್ನೂ ಅಚ್ಚಿನಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು ಒಂದಾಗಿಸುತ್ತಾರೆ. ಒತ್ತುವಾಗ ಆ ಮಿಶ್ರಣ ಸ್ವಲ್ಪ ಹರಿಯುತ್ತದೆ. ಆದುದರಿಂದ ಪಟ್ಟೆಯ ಗೆರೆ ಅಳತೆಪಟ್ಟಿಯಿಂದ ಎಳೆದಷ್ಟು ನೇರವಾಗಿರುವುದಿಲ್ಲ. ನಡುವಿನ ವೃತ್ತ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುವುದೂ ಉಂಟು. ಈ ಸಣ್ಣ ವಿವರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಸೆರಾಮಿಕ್ ಎಂದು ಕರೆಯುವ ಇನ್ನೊಂದು ಜಾತಿಯಿದೆ. ಅಲ್ಲಿ ಬಿಳಿಯ ಬಿಲ್ಲೆಯ ಮೇಲೆ ಚಿತ್ರವನ್ನು ಪೂರ್ತಿಯಾಗಿ ಅಚ್ಚೊತ್ತುತ್ತಾರೆ. ಬಣ್ಣಕ್ಕೆ ಮಿತಿಯಿಲ್ಲ, ಆದರೆ ಜೇಡಿಬಿಲ್ಲೆಯ ಮೈ ಅದಕ್ಕೆ ಬರುವುದಿಲ್ಲವಂತೆ.

ಹೀಗೆ ತಮ್ಮದೇ ಗುರುತಿನ ಬಿಲ್ಲೆ ಮಾಡಿಸುವುದು ಹೊಸ ಚಟವೇನೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಸಿರಿವಂತ ಮನೆತನಗಳು ತಮ್ಮ ವಂಶಲಾಂಛನವನ್ನು ಕೊರೆಸಿ ಮುತ್ತಿನ ಚಿಪ್ಪಿನ ಜೂಜಿನ ಬಿಲ್ಲೆಗಳನ್ನು ಚೀನಾದ ಕ್ಯಾಂಟನ್ನಿನಿಂದ ತರಿಸಿಕೊಳ್ಳುತ್ತಿದ್ದವು. ಲಾಂಛನದ ಚಿತ್ರ ಹಡಗಿನಲ್ಲಿ ಹೋಗಬೇಕು, ಬಿಲ್ಲೆ ಹಡಗಿನಲ್ಲಿಯೇ ಮರಳಬೇಕು. ನಡುವೆ ತಿಂಗಳುಗಟ್ಟಲೆ ಕಾಯಬೇಕು. ಬಂದದ್ದು ಹೇಗಿದ್ದರೂ ಒಪ್ಪಿಕೊಳ್ಳುವುದಲ್ಲದೆ ಬೇರೆ ದಾರಿ ಇದ್ದಿರಲಾರದು.

ಈಗ ನನ್ನ ಆಕ್ಷೇಪಣೆಯನ್ನು ಹೇಳಿಬಿಡುತ್ತೇನೆ. ಅವಳಿಗೂ ಅಂದೇ ಹೇಳಿದೆ. ನಮ್ಮ ಮನೆತನದವರಿಗೆ ಈ ಕಥೆ ಗೊತ್ತು. ನನ್ನ ಚಿಕ್ಕಪ್ಪನವರೊಬ್ಬರು ಇಸ್ಪೀಟಿನಲ್ಲಿ ಎರಡು ಎಕರೆ ಅಡಿಕೆ ತೋಟವನ್ನು ಕಳೆದುಕೊಂಡರು. ಆಗ ನನಗೆ ಹತ್ತು ವರ್ಷ. ಚಾವಡಿಯಲ್ಲಿ ಲಾಟೀನಿನ ಸುತ್ತ ಆಡುತ್ತಿದ್ದರು. ಮಧ್ಯದಲ್ಲಿ ಹಣ ಇರುತ್ತಿರಲಿಲ್ಲ, ಅಡಿಕೆ ಹೋಳುಗಳಿರುತ್ತಿದ್ದವು. ಒಂದು ಹೋಳಿಗೆ ಒಂದು ರೂಪಾಯಿ. ಬೆಳಗಿನ ಜಾವ ಹೋಳುಗಳನ್ನು ಎಣಿಸಿ ಚೀಟಿ ಬರೆಯುತ್ತಿದ್ದರು. ಹೋಳು ತುಂಬಿದ ಬಟ್ಟಲನ್ನು ಒಳಗಿನಿಂದ ತಂದುಕೊಡುವ ಕೆಲಸ ನನ್ನದಾಗಿತ್ತು. ಚಿಕ್ಕಮ್ಮ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಎದುರಿಗಿದ್ದದ್ದು ನೋಟಾಗಿದ್ದರೆ ಚಿಕ್ಕಪ್ಪನವರ ಕೈ ಅಷ್ಟು ಸಲೀಸಾಗಿ ಮುಂದೆ ಹೋಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಬಿಲ್ಲೆಯ ಮೊದಲ ಕೆಲಸವೇ ಹಣವನ್ನು ಕಣ್ಣಿಗೆ ಮರೆಮಾಡುವುದು. ಅದನ್ನು ಮುದ್ದಾಗಿ ಮಾಡಿದಷ್ಟೂ ಮರೆ ದಪ್ಪವಾಗುತ್ತದೆ.

ಅವಳು ಸುಮ್ಮನೆ ಕೇಳಿಸಿಕೊಂಡು, “ಸಾರ್, ಇವರಲ್ಲಿ ಹೆಚ್ಚಿನವರು ಇಪ್ಪತ್ತು ಡಾಲರ್ ಇಟ್ಟು ರಾತ್ರಿಯೆಲ್ಲ ಆಡುವವರು. ಬಿಲ್ಲೆ ಮಾಡಿಸಲು ಸುರಿಯುವ ಹಣವೇ ಆಟದ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು” ಎಂದಳು. ಇರಬಹುದು. ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದನ್ನು ಓದಿ ನಾನು ಸಂತೋಷಪಟ್ಟವನು. ಆದರೆ ಅವಳು ಜೂಜು ಆಡಿಸುತ್ತಿಲ್ಲ, ಚಿತ್ರ ಬರೆಯುತ್ತಿದ್ದಾಳೆ. ಈ ವಾದ ನನಗೆ ಅರ್ಧ ಒಪ್ಪಿಗೆಯಾಗಿದೆ, ಇನ್ನರ್ಧ ಹಾಗೆಯೇ ಉಳಿದಿದೆ. ನಾನು ಮುಖ್ಯವಾಗಿ ಬರೆಯಹೊರಟದ್ದು ಬೇರೆ.

ಅವಳು ಈ ಚಿತ್ರವನ್ನು ಹೇಗೆ ಮಾಡುತ್ತಾಳೆಂದು ಕುತೂಹಲದಿಂದ ಕೇಳಿದೆ. ಬ್ಲೆಂಡರ್ ಎಂಬ ತಂತ್ರಾಂಶವನ್ನು ಬಳಸುತ್ತಾಳೆ. ಅದು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ಅದರ ಕಂಪನಿ ಮುಚ್ಚಿದಾಗ, ೨೦೦೨ರಲ್ಲಿ, ಬಳಕೆದಾರರೇ ಒಂದು ಲಕ್ಷ ಯೂರೋ ಚಂದಾ ಎತ್ತಿ ಅದನ್ನು ಎಲ್ಲರಿಗೂ ಮುಕ್ತವಾಗಿಸಿದರಂತೆ. ಊರಿನವರು ಸೇರಿ ಶಾಲೆಯ ಕಟ್ಟಡ ಉಳಿಸಿಕೊಂಡ ಹಾಗೆ ಎಂದು ನನಗೆ ತೋರಿತು. ಮೊದಲು ತಟ್ಟೆಯಂಥ ಒಂದು ಗಿಡ್ಡ ಸಿಲಿಂಡರ್. ಅದರ ಅಂಚನ್ನು ಚೂರೇ ಚೂರು ಉಜ್ಜಿ ದುಂಡಾಗಿಸಬೇಕು, ಏಕೆಂದರೆ ಲೋಕದಲ್ಲಿ ಪೂರ್ಣ ಚೂಪಾದ ಅಂಚಿನ ವಸ್ತು ಬಹಳ ಅಪರೂಪ. ಆ ದುಂಡಿನ ಮೇಲೆ ಬೆಳಕು ಗೆರೆಯಾಗಿ ಮಿನುಗಿದರೆ ಮಾತ್ರ ಕಣ್ಣು ಒಪ್ಪುತ್ತದೆ. ಆಮೇಲೆ ಅಚ್ಚಿನ ತಗ್ಗುದಿಣ್ಣೆ, ಮೈಯ ಒರಟುತನ, ಬಣ್ಣ. ಕೊನೆಗೆ ದೀಪ ಮತ್ತು ಕ್ಯಾಮೆರಾ.

ಇಲ್ಲಿಂದ ಮುಂದೆ ನಡೆಯುವುದು ನಾನು ಒಂಬತ್ತನೆಯ, ಹತ್ತನೆಯ ತರಗತಿಗಳಿಗೆ ಕಲಿಸಿದ ಬೆಳಕಿನ ಪಾಠವೇ. ಟರ್ನರ್ ವಿಟೆಡ್ ಎಂಬವರು ೧೯೮೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಣ್ಣಿನಿಂದ ಹಿಮ್ಮುಖವಾಗಿ ಕಿರಣಗಳನ್ನು ಹೊರಡಿಸಿ, ಅವು ವಸ್ತುಗಳಿಗೆ ತಾಗಿ ಪ್ರತಿಫಲಿಸಿ, ವಕ್ರೀಭವಿಸಿ ದೀಪದತ್ತ ಹೋಗುವ ದಾರಿಯನ್ನು ಲೆಕ್ಕ ಹಾಕುವ ವಿಧಾನ ಹೇಳಿದರು. ೧೯೮೬ರಲ್ಲಿ ಜೇಮ್ಸ್ ಕಜಿಯಾ ಅದನ್ನು ಇನ್ನೂ ವಿಸ್ತರಿಸಿ, ಒರಟು ಮೈಯಿಂದ ಚದುರಿದ ಬೆಳಕನ್ನೂ ಒಳಗೊಳ್ಳುವ ಒಂದೇ ಸಮೀಕರಣವನ್ನು ಕೊಟ್ಟರು. ಕೆಂಪು ಬಿಲ್ಲೆಯ ಪಕ್ಕದ ಬಿಳಿ ಬಿಲ್ಲೆಯ ಬದಿಗೆ ನಸುಗೆಂಪು ಹಾಯುತ್ತದಲ್ಲ, ಅದು ಈ ಲೆಕ್ಕದಿಂದ ಬರುವುದು. ಒಂದು ಚಿತ್ರದ ಒಂದೊಂದು ಚುಕ್ಕೆಗೂ ನೂರಾರು ಕಿರಣಗಳ ಲೆಕ್ಕ. ಪತನಕೋನ, ಪ್ರತಿಫಲನಕೋನ ಸಮ ಎಂದು ನಾನು ಕಪ್ಪುಹಲಗೆಯ ಮೇಲೆ ಬರೆದಾಗ ಆಕಳಿಸುತ್ತಿದ್ದ ಹುಡುಗಿ ಇಂದು ಅದನ್ನೇ ನಂಬಿ ಅನ್ನ ಉಣ್ಣುತ್ತಿದ್ದಾಳೆ. ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಸಂಭಾವನೆ ಏನಿದೆ!

“ಆದರೆ ಸಾರ್, ಲೆಕ್ಕ ಸರಿಯಾದರೆ ಚಿತ್ರ ಸುಳ್ಳಾಗಿ ಕಾಣುತ್ತದೆ” ಎಂದಳು. ಅರ್ಥವಾಗಲಿಲ್ಲ. ಅವಳು ಎರಡು ಚಿತ್ರ ತೋರಿಸಿದಳು. ಮೊದಲನೆಯದರಲ್ಲಿ ಇಪ್ಪತ್ತು ಬಿಲ್ಲೆಗಳ ಕಂಬ, ಎಲ್ಲದರ ಪಟ್ಟೆಗಳೂ ಒಂದರ ಮೇಲೊಂದು ಸಾಲಾಗಿವೆ. ಪೆರೇಡಿನ ಹಾಗೆ. ಎರಡನೆಯದರಲ್ಲಿ ಪ್ರತಿ ಬಿಲ್ಲೆಯನ್ನೂ ಮನಬಂದಷ್ಟು ತಿರುಗಿಸಿ, ಕೆಲವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದ್ದಳು. ಪಟ್ಟೆಯ ಗೆರೆಯನ್ನು ತುಸು ಅಂಕುಡೊಂಕಾಗಿಸಿದ್ದಳು. ಬೆರಳಿನ ಜಿಡ್ಡು, ಬಟ್ಟೆಯ ಎಳೆ, ಒಂದು ಧೂಳಿನ ಕಣ. ಎರಡನೆಯದನ್ನು ನೋಡಿದ ಕೂಡಲೇ ಕೈ ಚಾಚಿ ಎತ್ತಿಕೊಳ್ಳೋಣ ಎನ್ನಿಸಿತು. ದೋಷವನ್ನು ಬಲ್ಲವನಿಗೆ ಮಾತ್ರ ನಿಜವನ್ನು ಬರೆಯಲು ಬರುತ್ತದೆ ಎಂಬುದನ್ನು ಎಪ್ಪತ್ತು ದಾಟಿದ ಮೇಲೆ ನನ್ನ ಶಿಷ್ಯೆಯಿಂದ ಕಲಿತೆ.

ಇದರ ಇನ್ನೊಂದು ಮುಖವಿದೆ. ಗಣಕಚಿತ್ರಗಳ ಲೋಕದ ಅತಿ ಪ್ರಸಿದ್ಧ ವಸ್ತು ಒಂದು ಚಹಾದ ಪಾತ್ರೆ. ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ ೧೯೭೫ರಲ್ಲಿ ತಮ್ಮ ಮನೆಯ ಪಾತ್ರೆಯನ್ನೇ ನೋಡಿ ಅದರ ಆಕಾರವನ್ನು ಅಂಕಿಗಳಲ್ಲಿ ಇಳಿಸಿದರು. ಆ ಮೂಲ ಪಾತ್ರೆ ಈಗ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿದೆ. ತಮಾಷೆಯೆಂದರೆ ಮೂಲ ಪಾತ್ರೆ ಎತ್ತರವಾಗಿದೆ, ಪ್ರಸಿದ್ಧವಾದ ಚಿತ್ರದ ಪಾತ್ರೆ ಕುಳ್ಳು. ಜಿಮ್ ಬ್ಲಿನ್ ಎಂಬ ಸಹೋದ್ಯೋಗಿ ಅದನ್ನು ಮೇಲಿನಿಂದ ಒತ್ತಿ ಕುಗ್ಗಿಸಿದ್ದು ಹಾಗೆಯೇ ನಿಂತುಬಿಟ್ಟಿತು. ನ್ಯೂವೆಲ್ಲರ ಮೊದಲ ಲೆಕ್ಕದಲ್ಲಿ ಪಾತ್ರೆಗೆ ತಳವೇ ಇರಲಿಲ್ಲ! ನೋಡುವವರಿಗೆ ಕಾಣಿಸದ ಭಾಗ ತಾನೇ. ಚಹಾ ಹುಯ್ಯುವವರಿಗೆ ಮಾತ್ರ ಅದರ ಚಿಂತೆ.

ನಮ್ಮ ಹುಡುಗಿಗೂ ಇಂಥ ಪ್ರಸಂಗ ಒದಗಿತ್ತು. ಈ ಕೆಲಸದ ಮೊದಲ ವರ್ಷದಲ್ಲಿ ಒಬ್ಬ ಗಿರಾಕಿಗೆ ನೇರಳೆ ಬಣ್ಣದ ಬಿಲ್ಲೆ ಬೇಕಿತ್ತು. ಪರದೆಯ ಮೇಲೆ ಹೊಳೆಹೊಳೆಯುವ ನೇರಳೆಯನ್ನು ಆರಿಸಿ, ಸಂಜೆಬಿಸಿಲಿನಂಥ ಬೆಳಕು ಬಿಟ್ಟು ಚಿತ್ರ ಮಾಡಿ ಕಳುಹಿಸಿದಳು. ಆತ ಹಿಗ್ಗಿದ. ಆರು ನೂರು ಬಿಲ್ಲೆಗಳಿಗೆ ಹಣ ಕಟ್ಟಿದ. ತಿಂಗಳುಗಳ ನಂತರ ಬಂದ ಬಿಲ್ಲೆಗಳನ್ನು ತನ್ನ ಅಡಿಗೆಮನೆಯ ದೀಪದ ಕೆಳಗಿಟ್ಟು ಫೋಟೋ ತೆಗೆದು ಕಳುಹಿಸಿದ. ಜೊತೆಗೆ ಒಂದು ಮಾತನ್ನೂ ಬರೆದಿರಲಿಲ್ಲ. ಬಿಲ್ಲೆಗಳು ಹಣ್ಣಾದ ಬದನೆಕಾಯಿಯಂತೆ ಮಂಕಾಗಿದ್ದವು. ಮಾಡಿದವನದು ತಪ್ಪಲ್ಲ, ತನ್ನಲ್ಲಿದ್ದ ನೇರಳೆಯನ್ನು ಅವನು ಸರಿಯಾಗಿಯೇ ಹಾಕಿದ್ದ. ಪರದೆಯ ನೇರಳೆ ತಾನೇ ಬೆಳಕನ್ನು ಸೂಸುವಂಥದು. ಬಿಲ್ಲೆಯ ನೇರಳೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ ಮಿಕ್ಕಿದ್ದನ್ನು ಹಿಂದಿರುಗಿಸುವಂಥದು. ದಾಸವಾಳ ಏಕೆ ಕೆಂಪು ಎಂಬ ನನ್ನ ಪಾಠ ನೆನಪಿದೆಯೇ? ಅದೇ. ಅವಳು ಆ ಗಿರಾಕಿಗೆ ತನ್ನ ಶುಲ್ಕವನ್ನು ಹಿಂದಿರುಗಿಸಿದಳು. ಆತ ಮತ್ತೆ ಬರಲಿಲ್ಲ.

ಇದನ್ನು ಕೇಳುತ್ತಿದ್ದಂತೆ ನನಗೆ ನನ್ನದೇ ಗಾಯ ನೆನಪಾಯಿತು. ಈ ಪುಟದಲ್ಲಿ ಇದುವರೆಗೆ ಬರೆದಿರಲಿಲ್ಲ. ೨೦೧೦ರಲ್ಲಿ ನಿವೃತ್ತನಾದಾಗ ಬಂದ ಹಣದ ಬಹುಭಾಗವನ್ನು ಬೆಂಗಳೂರಿನ ಹೊರವಲಯದ ಒಂದು ಫ್ಲಾಟಿಗೆ ಕಟ್ಟಿದೆ. ಮಗನ ಹತ್ತಿರ ಇರಬಹುದೆಂಬ ಆಸೆ. ಕಟ್ಟಡ ಆಗಿನ್ನೂ ಗುಂಡಿಯಾಗಿತ್ತು. ನಮಗೆ ತೋರಿಸಿದ್ದು ಒಂದು ಹೊಳಪು ಪುಸ್ತಿಕೆ. ಅದರಲ್ಲಿ ಬಾಲ್ಕನಿ, ಎದುರಿಗೆ ಕೆರೆ, ಕೆರೆಯ ದಂಡೆಯಲ್ಲಿ ಸಾಲುಮರ, ಹೊನ್ನಿನಂಥ ಸಂಜೆ. ನನ್ನ ಶ್ರೀಮತಿ ಆ ಪುಟವನ್ನು ಕತ್ತರಿಸಿ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಕೊಂಡಿದ್ದಳು. ಮಲ್ಲಿಗೆಯ ಕುಂಡಗಳನ್ನು ಎಲ್ಲಿ ಇಡಬೇಕೆಂದು ಅದರ ಮೇಲೆಯೇ ಪೆನ್ಸಿಲಿನಿಂದ ಗುರುತು ಮಾಡಿದ್ದಳು. ಮೂರು ವರ್ಷದ ಮೇಲೆ ಬೀಗದ ಕೈ ಸಿಕ್ಕಾಗ ಬಾಲ್ಕನಿಯ ಎದುರು ವಿದ್ಯುತ್ ಟ್ರಾನ್ಸ್‌ಫಾರ್ಮರ್ ಮತ್ತು ಪಕ್ಕದ ಕಟ್ಟಡದ ಗೋಡೆ ಇದ್ದವು. ಕೆರೆ ಇದ್ದದ್ದು ನಿಜ, ಅರ್ಧ ಮೈಲಿ ಆಚೆ. ಆ ಬಾಲ್ಕನಿ ಉತ್ತರಕ್ಕೆ ತೆರೆದಿತ್ತು. ಎಂದರೆ ಪುಸ್ತಿಕೆಯ ಚಿತ್ರದಲ್ಲಿ ಸೂರ್ಯ ಉತ್ತರ ದಿಕ್ಕಿನಲ್ಲಿ ಮುಳುಗುತ್ತಿದ್ದ! ವಿಜ್ಞಾನದ ಮೇಷ್ಟರಾದ ನನಗೆ ಮೂರು ವರ್ಷ ಅದು ಹೊಳೆಯಲಿಲ್ಲ. ೨೦೧೫ರಲ್ಲಿ ನಷ್ಟಕ್ಕೆ ಮಾರಿ ಸಾಗರಕ್ಕೆ ಮರಳಿದೆವು. ಆಕೆ ಒಂದು ದಿನವೂ ನನ್ನನ್ನು ದೂರಲಿಲ್ಲ, ಅದೇ ಕಷ್ಟ.

ಇದನ್ನು ಹೇಳಿದಾಗ ಹುಡುಗಿ ತಲೆ ತಗ್ಗಿಸಿದಳು. “ಸಾರ್, ಬೆಂಗಳೂರಿನಲ್ಲಿ ನಾನು ಆರು ವರ್ಷ ಮಾಡಿದ್ದು ಅಂಥ ಪುಸ್ತಿಕೆಗಳ ಚಿತ್ರಗಳನ್ನೇ. ಕಂಬ ತೆಗೆಯಿರಿ, ಮರ ಹಾಕಿರಿ ಎಂದು ಹೇಳುತ್ತಿದ್ದರು. ಹಾಕುತ್ತಿದ್ದೆವು. ೨೦೨೦ರ ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ” ಎಂದಳು. ನನ್ನ ಬಾಲ್ಕನಿಯ ಚಿತ್ರ ಅವಳು ಮಾಡಿದ್ದಲ್ಲ, ಆಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ಆದರೂ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಮನೆ ಕೊಳ್ಳುವವರಿಗೆ ಈಗ ಕಾಯಿದೆಯ ಆಸರೆಯಿದೆ. ೨೦೧೬ರ ರಿಯಲ್ ಎಸ್ಟೇಟ್ ಕಾಯಿದೆಯ ೧೨ನೆಯ ಸೆಕ್ಷನ್ ಪ್ರಕಾರ, ಜಾಹೀರಾತು ಅಥವಾ ಮಾದರಿ ಮನೆಯನ್ನು ನಂಬಿ ಮುಂಗಡ ಕಟ್ಟಿದವನಿಗೆ ಅದರಲ್ಲಿನ ಸುಳ್ಳಿನಿಂದ ನಷ್ಟವಾದರೆ ಕಟ್ಟಡದವರು ಪರಿಹಾರ ಕೊಡಬೇಕು. ಬಿಲ್ಲೆಯ ಚಿತ್ರಕ್ಕೆ ಅಂಥ ಕಾಯಿದೆ ಯಾರು ಮಾಡುತ್ತಾರೆ? ಅಲ್ಲಿ ಬರೆಯುವವಳ ಮನಸ್ಸೇ ಕಾಯಿದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಅವಳೆದುರು ಹೇಳಿದಂತೆಯೇ ಇಲ್ಲಿಯೂ ಹೇಳುತ್ತೇನೆ. ಇರುವ ವಸ್ತುವಿನ ಚಿತ್ರ ಬೇರೆ, ಇನ್ನೂ ಇಲ್ಲದ ವಸ್ತುವಿನ ಚಿತ್ರ ಬೇರೆ. ಐಕಿಯಾ ಕಂಪನಿ ೨೦೦೬ರಲ್ಲಿ ತನ್ನ ಕ್ಯಾಟಲಾಗಿನಲ್ಲಿ ಮೊದಲ ಬಾರಿಗೆ ಗಣಕದಲ್ಲಿ ರಚಿಸಿದ ಕುರ್ಚಿಯ ಚಿತ್ರವನ್ನು ಅಚ್ಚು ಮಾಡಿತಂತೆ. ಕುರ್ಚಿ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಹೋಗಿ ಕುಳಿತು ನೋಡಬಹುದು. ಹುಟ್ಟದ ಬಿಲ್ಲೆಗೆ ಆ ಸೌಕರ್ಯವಿಲ್ಲ. ಅದರ ಚಿತ್ರ ಮಾತು ಕೊಟ್ಟ ಹಾಗೆ. ಅಲ್ಲಿ ತಯಾರಕನ ಬಳಿ ಇರುವ ಬಣ್ಣವನ್ನೇ ಹಾಕಬೇಕು, ಅದೂ ಅವನು ಕಳುಹಿಸಿದ ನಮೂನೆಯ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿಯೇ. ಪಟ್ಟೆಯ ಅಂಕುಡೊಂಕನ್ನು ಸೌಂದರ್ಯಕ್ಕಾಗಿ ಅಳಿಸಬಾರದು. ಸಂಜೆಬಿಸಿಲಿನ ಚಿತ್ರ ಬೇಕಿದ್ದರೆ ಕೊಡಲಿ, ಅದರ ಜೊತೆಗೆ ಅಡಿಗೆಮನೆಯ ದೀಪದ ಕೆಳಗಿನದೊಂದನ್ನೂ ಕೊಡಲಿ. ಬೆರಳಿನ ಜಿಡ್ಡನ್ನೂ ಧೂಳನ್ನೂ ಅಷ್ಟು ಶ್ರದ್ಧೆಯಿಂದ ಬರೆದು, ಬಣ್ಣದಲ್ಲಿ ಮಾತ್ರ ಸುಳ್ಳು ಹೇಳಿದರೆ, ಆ ಜಿಡ್ಡೂ ಧೂಳೂ ಸುಳ್ಳುಸಾಕ್ಷಿಗಳಾಗುತ್ತವೆ. ನೋಡುವವನು ಅವನ್ನು ನಂಬಿಯೇ ಉಳಿದದ್ದನ್ನೂ ನಂಬುವುದು.

ಅವಳು ಇದನ್ನು ಪೂರ್ತಿ ಒಪ್ಪಲಿಲ್ಲ. “ಸಾರ್, ಎಷ್ಟೋ ಜನ ಬಿಲ್ಲೆ ಮಾಡಿಸುವುದೇ ಇಲ್ಲ. ಚಿತ್ರ ನೋಡಿ ಖುಷಿಪಟ್ಟು ಇಟ್ಟುಕೊಳ್ಳುತ್ತಾರೆ. ಅಂಥವರಿಗೆ ಮಂಕು ಬಣ್ಣ ಕೊಟ್ಟು ಏನು ಪ್ರಯೋಜನ? ನಾನು ಮಂಕಾಗಿ ಕೊಟ್ಟರೆ ಇನ್ನೊಬ್ಬ ಹೊಳಪಾಗಿ ಕೊಡುತ್ತಾನೆ, ಗಿರಾಕಿ ಅವನ ಹತ್ತಿರ ಹೋಗುತ್ತಾನೆ.” ಮೊದಲ ಮಾತಿಗೆ ನನ್ನ ತಕರಾರಿಲ್ಲ. ಬರಿಯ ಚಿತ್ರವಾಗಿಯೇ ಉಳಿಯುವುದು ಎಷ್ಟು ಬೇಕಾದರೂ ಹೊಳೆಯಲಿ. ಎರಡನೆಯದು ಹಳೆಯ ಮಾತು. ನಮ್ಮ ಬೀದಿಯ ಗುಡಿಗಾರರೊಬ್ಬರು ಗಂಧದ ಪೆಟ್ಟಿಗೆಗೆ ಗಿರಾಕಿ ಬಂದಾಗ ಕಾಗದದ ಮೇಲೆ ಸೀಸಕಡ್ಡಿಯಿಂದ ಬಳ್ಳಿಯ ಚಿತ್ತಾರ ಬರೆದು ತೋರಿಸುತ್ತಿದ್ದರು. ಒಂದು ಕಡೆ ಎಲೆಯನ್ನು ಬೇಕೆಂದೇ ಚಿಕ್ಕದಾಗಿ ಬರೆದಿದ್ದರು. ಏಕೆಂದು ಕೇಳಿದರೆ, “ಆ ಜಾಗದಲ್ಲಿ ಮರಕ್ಕೆ ಗಂಟಿದೆ ಮೇಷ್ಟ್ರೇ, ಉಳಿ ಅಷ್ಟಕ್ಕೇ ಹೋಗುತ್ತದೆ” ಎಂದರು. ಅವರ ಬಳಿಯಿಂದ ಗಿರಾಕಿಗಳು ಹೋದದ್ದೂ ಉಂಟು. ಅದನ್ನು ಮುಚ್ಚಿಡುವುದಿಲ್ಲ.

ಹೋಗುವಾಗ ಅವಳು ನನ್ನ ಶ್ರೀಮತಿಗೆ ನಮಸ್ಕರಿಸಿ, “ಅಮ್ಮಾ, ನಿಮಗೂ ಒಂದು ಬಿಲ್ಲೆ ಮಾಡಿಕೊಡುತ್ತೇನೆ” ಎಂದಳು. ಇವಳು, “ನನಗೆ ಜೂಜು ಬೇಡ ಮಾರಾಯ್ತಿ, ಚೆನ್ನೆಮಣೆಗೆ ಕಾಯಿ ಮಾಡಿಕೊಡು” ಎಂದು ನಕ್ಕಳು.

ಹದಿನೈದು ದಿನಗಳ ಹಿಂದೆ ಇಮೇಲಿನಲ್ಲಿ ಒಂದು ಚಿತ್ರ ಬಂದಿತು. ಕಂದು ಬಿಲ್ಲೆ, ನಡುವೆ ನಮ್ಮ ಶಾಲೆಯ ಕಬ್ಬಿಣದ ಗಂಟೆ, ಅಂಚಿನಲ್ಲಿ ಸೀಮೆಸುಣ್ಣದ ಬಿಳಿ ಪಟ್ಟೆಗಳು. ಬೆಲೆಯ ಅಂಕಿ ಇರಬೇಕಾದ ಜಾಗದಲ್ಲಿ ಸೊನ್ನೆ. ಕೆಳಗೆ, “ಟ್ಯೂಬ್‌ಲೈಟ್ ಬೆಳಕಿನಲ್ಲಿ” ಎಂದು ಬರೆದಿದ್ದಳು. ನಾನು ಭೂತಗನ್ನಡಿ ಹಿಡಿದು ತಪ್ಪು ಹುಡುಕಿದೆ. ಸಿಕ್ಕಿತು. ದೀಪ ಒಂದೇ ಎನ್ನುತ್ತಾಳೆ, ಬಿಲ್ಲೆಗೆ ನೆರಳು ಎರಡಿವೆ. ಕೂಡಲೇ ಕೆಂಪುಶಾಯಿಯ ಗತ್ತಿನಲ್ಲಿ ಉತ್ತರ ಬರೆದೆ.

ಸಂಜೆ ಅವಳಿಂದ ಮರುತ್ತರ ಬಂತು: “ಹಿಂದುಗಡೆ ಕಿಟಕಿ ತೆರೆದಿದೆ ಸಾರ್. ಗಂಟೆಯ ಎಡಗಡೆ ನೋಡಿ.” ನೋಡಿದೆ. ಹೊಳಪಿನಲ್ಲಿ ಸಾಸಿವೆಯಷ್ಟು ಚೌಕವೊಂದಿತ್ತು, ಅದರ ನಡುವೆ ಸರಳುಗಳು ಕೂಡ ಇದ್ದವು.